ಬಾಲ್ಕನಿಯ ರೇಲಿಂಗ್ ಮತ್ತು ಕೆಳಗಿನ ಕೋಣೆಯ ಸೋರಿಕೆ

ನಿಮ್ಮ ಮನೆಯ ಬಾಲ್ಕನಿಯ ಕೆಳಗೆ ಕೋಣೆಯಿದೆಯೇ? ಹಾಗಿದ್ದರೆ ರೇಲಿಂಗ್ ಹಾಕಿಸುವ ಮೊದಲು ಇದನ್ನು ಓದಿ. ಗಂಡಸರು ಗಲ್ಫ್‌ನಲ್ಲಿರುವ ಮನೆಗಳಲ್ಲಿ ಮೇಸ್ತ್ರಿಯೊಂದಿಗೂ ವೆಲ್ಡಿಂಗ್‌ನವರೊಂದಿಗೂ ಮಾತಾಡಬೇಕಾದವರು ನಾವೇ ತಾನೆ?

ನಮ್ಮಲ್ಲಿ ಟೈಲ್ಸ್ ಕೆಲಸ ಮುಗಿದ ಮೇಲೆ ರೇಲಿಂಗ್‌ನವರು ಬಂದರು. ಟೈಲ್ಸ್‌ನ ಮೇಲೆಯೇ ಡ್ರಿಲ್ ಹೊಡೆದು, ಬೋಲ್ಟ್ ಬಿಗಿದು, ಕಂಬಗಳ ಬುಡಕ್ಕೆ ಹೊಳೆಯುವ ಸ್ಟೀಲ್ ಮುಚ್ಚಳ ಇಳಿಸಿ, ಸುತ್ತ ವೈಟ್ ಸಿಮೆಂಟ್ ಮೆತ್ತಿ ಹೋದರು. ಅರ್ಧ ದಿನದ ಕೆಲಸ, ನೋಡಲು ಬಲು ಚೆಂದ. ಜೂನ್ ಮಳೆ ಹಿಡಿದಾಗ ಅತ್ತೆಯ ಕೋಣೆಯ ಮೇಲ್ಭಾಗದಲ್ಲಿ ತಟ್ಟೆಯಗಲದ ಕಲೆ ಕಾಣಿಸಿತು. ಸಿಲಿಕಾನ್ ಹಚ್ಚಿಸಿದೆವು, ನಿಲ್ಲಲಿಲ್ಲ. ಮೂರನೆಯ ಮಳೆಗಾಲದ ಒಂದು ಮುಂಜಾನೆ ಗಾರೆಯ ದೊಡ್ಡ ಹಲ್ಲೆ ಕಳಚಿ ಅವರ ದಿಂಬಿನ ಮೇಲೆಯೇ ಬಿತ್ತು. ಅವರು ಆಗಷ್ಟೇ ಸುಬಹಿ ನಮಾಝಿಗೆ ಎದ್ದಿದ್ದರು.

ತಪ್ಪಾದದ್ದೆಲ್ಲಿ? ನೀರನ್ನು ತಡೆಯುವುದು ಟೈಲ್ಸ್ ಎಂದು ನಾವು ಭಾವಿಸುತ್ತೇವೆ. ತಡೆಯುವುದು ಅದರ ಅಡಿಯಲ್ಲಿ ಬಳಿದಿರುವ ವಾಟರ್‌ಪ್ರೂಫ್ ಪದರ. ಟೈಲ್ಸ್‌ನ ಸಂದುಗಳಿಂದ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ, ಆ ಪದರದ ಮೇಲೆ ನಿಲ್ಲುತ್ತದೆ. ಡ್ರಿಲ್ ಅದನ್ನೇ ತೂತು ಮಾಡಿದರೆ ಮೇಲೆ ಎಷ್ಟು ಸಿಲಿಕಾನ್ ಹಚ್ಚಿದರೂ ಅಡಿಯಿಂದ ಹರಿದು ಬರುವ ನೀರಿಗೆ ದಾರಿ ತೆರೆದೇ ಇರುತ್ತದೆ. ಮಕ್ಕಳು ಒರಗಿದಾಗ ಕಂಬ ಕೂದಲೆಳೆಯಷ್ಟು ಅಲುಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ವೈಟ್ ಸಿಮೆಂಟ್ ಬಿರುಕು ಬಿಡಲು ಅಷ್ಟು ಸಾಕು. ಸ್ಲ್ಯಾಬಿನೊಳಗಿನ ಸರಳಿಗೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನು ಒಡೆದು ಹೊರದೂಡುತ್ತದೆ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಇದಕ್ಕೆ ಹೆಚ್ಚು ಕಾಲ ಬೇಡ.

"ಹಾಗಾದರೆ ರೇಲಿಂಗ್ ಕಿತ್ತುಬಿಡಿ" ಎಂದವರೂ ಇದ್ದರು. ಸಣ್ಣ ಮಕ್ಕಳಿರುವ ಮನೆಯಲ್ಲಿ ಆಡುವ ಮಾತೇ ಅದು? ತಡೆಯಿಲ್ಲದ ಮಾಳಿಗೆಯಲ್ಲಿ ಮಲಗುವವರಿಗೆ ಸುನನ್ ಅಬೂದಾವೂದ್‌ನ ಹದೀಸಿನಲ್ಲಿ ಎಚ್ಚರಿಕೆಯಿದೆ. ರೇಲಿಂಗ್ ಬೇಕೇ ಬೇಕು. ಕನಿಷ್ಠ ಒಂದು ಮೀಟರ್ ಎತ್ತರವಿರಲಿ. ಸರಳುಗಳು ನೆಟ್ಟಗೆ ನಿಂತಿರಲಿ, ಅಡ್ಡ ಸರಳು ಮಕ್ಕಳಿಗೆ ಏಣಿಯಾಗುತ್ತದೆ. ನಡುವಿನ ಅಂತರ 10 ಸೆಂ.ಮೀ. ಮೀರದಿರಲಿ.

ಆದರೆ ಕಂಬವನ್ನು ನೀರು ನಿಲ್ಲುವ ನೆಲದಲ್ಲಿ ನೆಡಬೇಡಿ. ಬಾಲ್ಕನಿಯ ಅಂಚಿನಲ್ಲಿ ಬೀಮ್ ಇದ್ದರೆ ಅದರ ಹೊರಮೈಗೆ, ಪಕ್ಕದಿಂದ ಬೋಲ್ಟ್ ಹಾಕಿಸಿ. ಅಲ್ಲಿ ನೀರು ನಿಲ್ಲುವುದಿಲ್ಲ, ಮೇಲಿನ ಪದರಕ್ಕೆ ಗಾಯವೂ ಆಗುವುದಿಲ್ಲ. ಬರಿಯ ಐದಿಂಚಿನ ಸ್ಲ್ಯಾಬಾದರೆ ಇಂಜಿನಿಯರರನ್ನು ಕೇಳದೆ ಹಾಗೆ ಮಾಡಬೇಡಿ, ಅಂಚು ಒಡೆದೀತು. ಮನೆ ಈಗ ಕಟ್ಟಿಸುತ್ತಿದ್ದರೆ ಇನ್ನೂ ಸುಲಭ. ಸ್ಲ್ಯಾಬಿನ ಜೊತೆಗೇ ಅಂಚಿನುದ್ದಕ್ಕೂ ಆರಿಂಚು ಎತ್ತರದ ಕಾಂಕ್ರೀಟ್ ಕಟ್ಟೆ ಎರಕ ಹಾಕಿಸಿ. ವಾಟರ್‌ಪ್ರೂಫ್ ಪದರ ಆ ಕಟ್ಟೆಯ ಒಳಮೈಯನ್ನು ಹತ್ತಿ ಮೇಲಿನವರೆಗೆ ಬರಲಿ. ಕಂಬ ಕಟ್ಟೆಯ ತಲೆಯ ಮೇಲೆ ನಿಲ್ಲಲಿ, ಬೋಲ್ಟಿನ ತೂತಿಗೆ ಕೆಮಿಕಲ್ ಆಂಕರ್ ತುಂಬಿಸಲಿ. ಕೊಳವೆ ಟೊಳ್ಳಾಗಿರುವುದರಿಂದ ವೆಲ್ಡಿಂಗ್ ಸಂದಿನಲ್ಲಿ ನುಗ್ಗಿದ ಮಳೆನೀರು ಒಳಗೊಳಗೇ ಬುಡಕ್ಕೆ ಇಳಿಯುತ್ತದೆ. ಬುಡದ ಪ್ಲೇಟಿನ ಮೇಲೆಯೇ ಒಂದು ಸಣ್ಣ ತೂತು ಬಿಡಿಸಿ, ಹೊರಗೆ ಹರಿದುಹೋಗಲಿ. ಸ್ಟೀಲ್ ಕೊಳ್ಳುವಾಗ 304 ಎಂದು ಕೇಳಿ, ಕಡಲ ಬದಿಯಾದರೆ 316. ಅಗ್ಗದ 202 ಉಪ್ಪುಗಾಳಿಗೆ ಬೇಗ ಕಂದುತ್ತದೆ.

ಹಣ ಕೊಡುವ ಮೊದಲು ನೀರಿನ ಕಿಂಡಿಗೆ ಬಟ್ಟೆ ತುರುಕಿ, ಎರಡಿಂಚು ನೀರು ಕಟ್ಟಿ, ಒಂದು ದಿನ ಬಿಟ್ಟು ಕೆಳಗೆ ಹೋಗಿ ನೋಡಿ.

ನಾವು ಕೊನೆಗೆ ಅಂಚಿನ ಟೈಲ್ಸ್ ಎಬ್ಬಿಸಿ, ಹಳೆಯ ತೂತು ಮುಚ್ಚಿಸಿ, ಹೊಸ ಪದರ ಬಳಿಸಿ, ಕಂಬಗಳನ್ನು ಬೀಮಿನ ಹೊರಮೈಗೆ ಸರಿಸಿದೆವು. ರೇಲಿಂಗಿಗೆ ಮೊದಲು ಕೊಟ್ಟದ್ದಕ್ಕಿಂತ ಹೆಚ್ಚು ಹಣ ರಿಪೇರಿಗೆ ಹೋಯಿತು. ಒಂದು ಮಳೆಗಾಲ ಕಳೆಯಿತು, ಕೋಣೆ ಒಣಗಿಯೇ ಇದೆ. ಬಣ್ಣ ಬಳಿಸೋಣವೆಂದರೆ ಅತ್ತೆ ಒಪ್ಪುತ್ತಿಲ್ಲ, ಇನ್ನೊಂದು ಮಳೆ ನೋಡೋಣ ಎನ್ನುತ್ತಾರೆ.