ಗೆಲುವು ಒಂದು, ಪಟ್ಟ ವಿಶ್ವದ್ದು

ಕಾರ್ ರೇಸ್ ಎಂದೊಡನೆ ಒಂದನ್ನೊಂದು ಹಿಂದಿಕ್ಕುವ ಕಾರುಗಳ ಚಿತ್ರ ಕಣ್ಮುಂದೆ ಬರುತ್ತದೆ. ರ‍್ಯಾಲಿಯ ರೀತಿಯೇ ಬೇರೆ. ಇಲ್ಲಿ ಕಾರುಗಳು ಅಂತರವಿಟ್ಟು ಒಂದೊಂದಾಗಿ ಹೊರಡುತ್ತವೆ, ಸ್ಪರ್ಧೆ ಗಡಿಯಾರದೊಡನೆ. ಹಾದಿಯೋ, ಕಾಡಿನ ಜಲ್ಲಿ, ಕೆಸರು, ಕೆಲವೊಮ್ಮೆ ಹಿಮ. ಮುಂದಿನ ತಿರುವು ಚಾಲಕನಿಗೆ ಕಾಣಿಸುವುದಿಲ್ಲ, ಕೇಳಿಸುತ್ತದೆ! ಪಕ್ಕದಲ್ಲಿ ಕುಳಿತ ಸಹಚಾಲಕ, ಮೊದಲೇ ಹಾದಿಯನ್ನು ನೋಡಿ ಬರೆದುಕೊಂಡ ಟಿಪ್ಪಣಿಯನ್ನು ಓದುತ್ತಾ ಹೋಗುತ್ತಾನೆ: ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಕಡಿದು, ಎಷ್ಟು ಮೀಟರ್ ದೂರ. ಓದುವುದು ಅರೆಕ್ಷಣ ತಡವಾದರೆ ಕಾರು ಮರಕ್ಕೆ.

ಇಂಗ್ಲೆಂಡಿನ ರಿಚರ್ಡ್ ಬರ್ನ್ಸ್ (ಜನನ 1971) ಹೀಗೆ ಕಿವಿಯನ್ನು ನಂಬಿ ಬೆಳೆದವರು. ಅವರ ಸಹಚಾಲಕ ಸ್ಕಾಟ್ಲೆಂಡಿನ ರಾಬರ್ಟ್ ರೀಡ್. ವಿಶ್ವ ರ‍್ಯಾಲಿಯಲ್ಲಿ ಈ ಜೋಡಿಯ ಮೊದಲ ಜಯ 1998ರಲ್ಲಿ, ಕೀನ್ಯಾದ ಸಫಾರಿಯಲ್ಲಿ.

2001ರ ಲೆಕ್ಕ ಸ್ವಾರಸ್ಯಕರ. ಆಗ ಪ್ರಥಮ ಆರು ಸ್ಥಾನಗಳಿಗೆ 10, 6, 4, 3, 2, 1 ಅಂಕ. ಸುಬಾರು ಕಾರಿನಲ್ಲಿ ಬರ್ನ್ಸ್ ಆ ವರ್ಷ ಗೆದ್ದದ್ದು ನ್ಯೂಜಿಲೆಂಡ್ ಒಂದನ್ನೇ. ಆದರೆ ನಾಲ್ಕು ಬಾರಿ ಎರಡನೆಯವರು. ಕೊನೆಯ ಸ್ಪರ್ಧೆಗೆ ವೇಲ್ಸ್‌ಗೆ ಬಂದಾಗ ಸ್ಕಾಟ್ಲೆಂಡಿನ ಕಾಲಿನ್ ಮೆಕ್ರೇ 42, ಫಿನ್ಲೆಂಡಿನ ಟಾಮಿ ಮಾಕಿನೆನ್ 41, ಬರ್ನ್ಸ್ 40. ಮಾಕಿನೆನ್ ಮೊದಲ ದಿನವೇ ಹೊರಬಿದ್ದರು. ಬಿರುಸಿಗೆ ಹೆಸರಾದ ಮೆಕ್ರೇ ಅವರ ಕಾರೂ ಪಲ್ಟಿಯಾಯಿತು. ಬರ್ನ್ಸ್‌ಗೆ ಇನ್ನು ಗೆಲ್ಲುವ ಅಗತ್ಯವೇ ಇರಲಿಲ್ಲ. ಮೂರು ಅಂಕ ಸಾಕು. ಎಚ್ಚರದಿಂದ ಓಡಿಸಿ ಮೂರನೆಯವರಾದರು. ಮೊತ್ತ 44. ವಿಶ್ವ ಪಟ್ಟ ಪಡೆದ ಮೊದಲ ಇಂಗ್ಲಿಷ್ ಚಾಲಕ!

ದೂರದರ್ಶನಕ್ಕೆ ಉರುಳುವ ಕಾರೇ ಪ್ರಿಯ. ಉರುಳದೆ ಉಳಿದ ಕಾರನ್ನು ತೋರಿಸುವುದು ಹೇಗೆ? ಇದು ನಮ್ಮ ವೃತ್ತಿಯ ಕಷ್ಟ. ಮೆಕ್ರೇ ಅವರ ಚಿತ್ರಗಳು ಜಗತ್ತಿಗೆಲ್ಲ ಗೊತ್ತು; ಬರ್ನ್ಸ್ ಹೆಸರು ಅಷ್ಟು ಕೇಳಿಬರದಿರಲು ಇದೂ ಒಂದು ಕಾರಣವಿರಬೇಕು.

2003ರಲ್ಲಿ ಪ್ಯೂಜೋ ಕಾರಿನಲ್ಲಿ ಒಂದೂ ಜಯವಿಲ್ಲದೆ ಅವರು ಬಹುಕಾಲ ಅಂಕಪಟ್ಟಿಯ ಮುಂಚೂಣಿಯಲ್ಲಿದ್ದರು. ನವೆಂಬರಿನಲ್ಲಿ ಕೊನೆಯ ಸ್ಪರ್ಧೆಗಾಗಿ ಮತ್ತೆ ವೇಲ್ಸ್‌ಗೆ ಹೊರಟಿದ್ದಾಗ, ಸಾಮಾನ್ಯ ರಸ್ತೆಯಲ್ಲಿ, ಸ್ಟಿಯರಿಂಗ್ ಹಿಡಿದಂತೆಯೇ ಪ್ರಜ್ಞೆ ತಪ್ಪಿತು. ಪಕ್ಕದಲ್ಲಿದ್ದವರು ಎಸ್ಟೋನಿಯಾದ ರ‍್ಯಾಲಿ ಚಾಲಕ ಮಾರ್ಕೊ ಮಾರ್ಟಿನ್. ಅವರೇ ಕಾರನ್ನು ಹತೋಟಿಗೆ ತಂದರು. ತಪಾಸಣೆಯಲ್ಲಿ ಕಂಡದ್ದು ಮೆದುಳಿನ ಗಂತಿ. ಪಟ್ಟದ ಆಸೆ ಇನ್ನೂ ಜೀವಂತವಿದ್ದ ಆ ಸ್ಪರ್ಧೆಗೆ ಅವರು ಇಳಿಯಲೇ ಇಲ್ಲ. ಎರಡು ವರ್ಷದ ಚಿಕಿತ್ಸೆಯ ನಂತರ, 2005ರ ನವೆಂಬರ್ 25ರಂದು, 34ನೆಯ ವಯಸ್ಸಿನಲ್ಲಿ ತೀರಿಕೊಂಡರು. ವೇಲ್ಸ್‌ನಲ್ಲಿ ಪಟ್ಟ ಪಡೆದ ದಿನಕ್ಕೆ ಅಂದು ಸರಿಯಾಗಿ ನಾಲ್ಕು ವರ್ಷ.