ಜಡಭರತನ ಪಲ್ಲಕ್ಕಿ, ವಾಮಂಜೂರಿನ ಬಸ್ಸು

ಕೆಲಸಕ್ಕೆ ಮೈಬಗ್ಗಿಸದವನನ್ನು ನಮ್ಮ ಹಿರಿಯರು ‘ಜಡಭರತ’ ಎಂದು ಮೂದಲಿಸುವುದುಂಟು. ಇಂಗ್ಲಿಷಿನಲ್ಲಿ ಅಂಥವನು ‘ಇನರ್ಟ್’. ಇವೆರಡು ಮೂದಲಿಕೆಗಳೂ ಭೌತಶಾಸ್ತ್ರದ ಪುಸ್ತಕದೊಳಗೆ ನುಗ್ಗಿ ಗೌರವದ ಸ್ಥಾನವನ್ನು ಪಡೆದಿರುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಇಂಗ್ಲಿಷಿನ ‘ಇನರ್ಷಿಯ’ವೇ ನಮ್ಮ ‘ಜಡತ್ವ’.

ಲ್ಯಾಟಿನ್ ಭಾಷೆಯಲ್ಲಿ ‘ಆರ್ಸ್’ ಎಂದರೆ ಕುಶಲತೆ. ಅದಕ್ಕೆ ನಿಷೇಧಾರ್ಥಕವಾದ ‘ಇನ್’ ಸೇರಿ ‘ಇನರ್ಸ್’ ಆಯಿತು: ಕೈಯಲ್ಲಿ ಯಾವ ಕಸುಬೂ ಇಲ್ಲದವನು, ಆದುದರಿಂದ ಸುಮ್ಮನೆ ಕುಳಿತವನು. ಅವನ ಗುಣವೇ ‘ಇನರ್ಷಿಯ’, ಎಂದರೆ ಸೋಮಾರಿತನ. ಈ ಪದವನ್ನು ಆಕಾಶಕ್ಕೆ ಏರಿಸಿದವನು ಖಗೋಳವಿಜ್ಞಾನಿ ಕೆಪ್ಲರ್. 1618ರಿಂದ 1621ರವರೆಗೆ ಭಾಗಭಾಗವಾಗಿ ಹೊರಬಂದ ತನ್ನ ಗ್ರಂಥದಲ್ಲಿ ಅವನು ಗ್ರಹಗಳನ್ನು ಸ್ವಭಾವತಃ ಸೋಮಾರಿಗಳೆಂದು ಬಗೆದನು. ಸೂರ್ಯನಿಂದ ಬರುವ ಬಲವು ನೂಕದಿದ್ದರೆ ಅವು ಇದ್ದಲ್ಲಿಯೇ ನಿಂತುಬಿಡುವುವು. ಅವನ ಅಭಿಪ್ರಾಯಕ್ಕೆ ಆ ಪದವು ತಕ್ಕುದೇ ಆಗಿತ್ತು.

1687ರಲ್ಲಿ ‘ಪ್ರಿನ್ಸಿಪಿಯ’ವನ್ನು ಪ್ರಕಟಿಸಿದ ನ್ಯೂಟನ್ ಪದವನ್ನು ಉಳಿಸಿಕೊಂಡು ಅರ್ಥವನ್ನು ಹಿಗ್ಗಿಸಿದನು. ನಿಂತ ವಸ್ತುವು ನಿಂತೇ ಇರುವುದು, ನಿಜ. ಆದರೆ ಚಲಿಸುವ ವಸ್ತುವು, ಬೇರೊಂದು ಬಲ ತಾಗದ ಹೊರತು, ಅದೇ ವೇಗದಿಂದ ಸರಳರೇಖೆಯಲ್ಲಿ ಚಲಿಸುತ್ತಲೇ ಇರುವುದು. ನಿಲ್ಲುವುದಕ್ಕೂ ಬೇಸರಪಡುವ ಸೋಮಾರಿಯನ್ನು ಕಂಡವರುಂಟೆ?

ಭಾಗವತದ ಐದನೆಯ ಸ್ಕಂಧದ ಜಡಭರತನೂ ಹೆಸರಿಗೆ ಮಾತ್ರ ಜಡ. ರಹೂಗಣ ರಾಜನ ಪಲ್ಲಕ್ಕಿಗೆ ಹೆಗಲು ಕೊಟ್ಟ ಆತನು, ನೆಲದ ಮೇಲಿನ ಜೀವಿಗಳನ್ನು ತುಳಿಯಬಾರದೆಂದು ನೋಡಿನೋಡಿ ಹೆಜ್ಜೆಯಿಟ್ಟನು. ಉಳಿದವರ ಹೆಜ್ಜೆಗೆ ಅದು ಹೊಂದಲಿಲ್ಲ. ಪಲ್ಲಕ್ಕಿ ಕುಲುಕಿತು, ರಾಜನು ಗದರಿದನು. ಪಲ್ಲಕ್ಕಿಯ ವೇಗವು ಬದಲಾದಾಗಲೆಲ್ಲ ರಾಜನ ದೇಹವು ಹಿಂದಿನ ವೇಗದಲ್ಲಿಯೇ ಸಾಗಲೆಳಸಿತು. ಹೊತ್ತವನನ್ನು ಬೈದ ರಾಜನಿಗೆ ತೊಂದರೆ ಕೊಟ್ಟುದು ತನ್ನದೇ ಜಡತ್ವ! (ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿ ಬೆಳೆಸಿದ ಜಿ. ಬಿ. ಜೋಶಿಯವರು ‘ಜಡಭರತ’ ಎಂಬ ಕಾವ್ಯನಾಮವನ್ನು ಇಟ್ಟುಕೊಂಡಿದ್ದರು. ಅಷ್ಟೊಂದು ದುಡಿದವರಿಗೆ ಆ ಹೆಸರು!)

ಆದರೂ ಹಳೆಯ ಅರ್ಥದ ನೆರಳು ಪದವನ್ನು ಬಿಟ್ಟಿಲ್ಲ. ಜಡತ್ವವೆಂದರೇನೆಂದು ತರಗತಿಯಲ್ಲಿ ಕೇಳಿದರೆ, ‘ನಿಶ್ಚಲವಾಗಿರುವ ಗುಣ’ ಎಂದು ಅರ್ಧವನ್ನೇ ಹೇಳಿ ಕುಳಿತುಬಿಡುವವರೇ ಹೆಚ್ಚು. ಅಪಾಯವಿರುವುದು ಉಳಿದರ್ಧದಲ್ಲಿ.

ಮೂಡುಬಿದಿರೆಯಿಂದ ವಾಮಂಜೂರಿನ ಮೇಲಾಗಿ ಮಂಗಳೂರಿಗೆ ಬರುವ ಬಸ್ಸೊಂದು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದೆಯೆನ್ನೋಣ, ಹೆಚ್ಚೇನೂ ಅಲ್ಲ. ಸೆಕೆಂಡಿಗೆ 10 ಮೀಟರ್ ಆಯಿತು. ಸುಮಾರು 5 ಮೀಟರ್ ಎತ್ತರದ ಮಾಡಿನಿಂದ ಬಿದ್ದವನು ನೆಲವನ್ನು ಮುಟ್ಟುವಾಗ ಇರುವ ವೇಗವೂ ಇದೇ. ಆಸನದಲ್ಲಿ ತೂಕಡಿಸುವವನಿಗೂ ಈ ವೇಗವಿದೆ, ಮೆಟ್ಟಿಲ ಮೇಲೆ ಪುಸ್ತಕದ ಚೀಲದೊಡನೆ ಜೋತಾಡುವ ವಿದ್ಯಾರ್ಥಿಗೂ ಇದೆ. ತಿರುವಿನಲ್ಲಿ ರಸ್ತೆಯು ಬಸ್ಸಿನ ಚಕ್ರಗಳನ್ನು ತಿರುಗಿಸುವುದು. ಆ ಹುಡುಗನನ್ನು ತಿರುಗಿಸುವ ಬಲವಾದರೋ ಅವನು ಹಿಡಿದ ಕಂಬಿಯಿಂದಲೂ ಕಾಲಡಿಯ ಘರ್ಷಣೆಯಿಂದಲೂ ಮಾತ್ರವೇ ಬರಬೇಕು. ಮಳೆಗಾಲದಲ್ಲಿ ಅವೆರಡೂ ಒದ್ದೆ. ಕೈ ಜಾರಿದ ಕ್ಷಣದಲ್ಲಿ ಬಸ್ಸು ಯಾವ ದಿಕ್ಕಿಗೆ ಮುಖಮಾಡಿತ್ತೋ ಆ ದಿಕ್ಕಿಗೇ, ಸೆಕೆಂಡಿಗೆ 10 ಮೀಟರ್ ವೇಗದಲ್ಲಿ, ಅವನು ಮುಂದುವರಿಯುವನು.