ದೊಡ್ಡೋರ ರಾಜಿಯಲ್ಲಿ ಪಟ್ಟಣಕ್ಕೆ ಕುರ್ಚಿ ಇರಲಿಲ್ಲ!

ಕೆ.ಆರ್.ಎಸ್.: "ಅಮೆರಿಕದೋನು ಸುಂಕ ಹಾಕಿದ್ರೆ ನಮ್ಗೇನ್ಲಾ? ನಮ್ ಆಲೆಮನೆ ಬೆಲ್ಲ ಅಲ್ಲಿಗೋಯ್ತದಾ?"

ಕೆ.ಆರ್.ಎಸ್.ನಿಂದ ಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಇಂಥ ಮಾತಿಗೆ ಬರವಿಲ್ಲ. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ದೇಶದ ಮಾಲಿನ ಮೇಲೆ ಶೇ. 50ರವರೆಗೆ ಸುಂಕ ಹೇರಿತು. ಅದರಲ್ಲಿ ಅರ್ಧ, ರಷ್ಯಾದ ತೈಲ ಕೊಂಡ 'ತಪ್ಪಿಗೆ' ದಂಡ! ಒಬ್ಬನ ಸ್ನೇಹಕ್ಕೆ ಇನ್ನೊಬ್ಬನ ಬರೆ.

"ನಮ್ಗೇನು" ಅನ್ನುವ ಮಹನೀಯರು ತಮ್ಮೂರಿನ ಇತಿಹಾಸವನ್ನೇ ಒಮ್ಮೆ ತಿರುವಿ ಹಾಕಬೇಕು. ಅಮೆರಿಕದ ರಾಜಕೀಯ ಶ್ರೀರಂಗಪಟ್ಟಣದ ಕೋಟೆ ಬಾಗಿಲು ತಟ್ಟಿ ಇನ್ನೂರ ನಲವತ್ತು ವರ್ಷ ದಾಟಿದೆ.

ಆಗ ಅಮೆರಿಕದವರು ಇಂಗ್ಲಿಷರ ವಿರುದ್ಧ ಸ್ವಾತಂತ್ರ್ಯಕ್ಕೆ ಹೊಡೆದಾಡುತ್ತಿದ್ದರು. 1778ರಲ್ಲಿ ಫ್ರೆಂಚರು ಅವರ ಜೊತೆ ಸೇರಿದರು. 1780ರಲ್ಲಿ ಇತ್ತ ಹೈದರಾಲಿ ಇಂಗ್ಲಿಷರ ಮೇಲೆ ಬಿದ್ದ. ವೈರಿಯ ವೈರಿ ಮಿತ್ರ ತಾನೆ? ಫಿಲಡೆಲ್ಫಿಯಾದ ವರ್ತಕರು ತಮ್ಮ ವ್ಯಾಪಾರ ಕಾಯಲು ಸಜ್ಜುಗೊಳಿಸಿದ ಹಡಗಿಗೆ ಇಟ್ಟ ಹೆಸರೇ 'ಹೈದರ್ ಆಲಿ'! ಆ ಹಡಗು 1782ರ ಏಪ್ರಿಲ್ 8ರಂದು ತನಗಿಂತ ಬಲವಾದ ಇಂಗ್ಲಿಷ್ ಹಡಗು 'ಜನರಲ್ ಮಂಕ್' ಅನ್ನು ಹಿಡಿದು ಹಾಕಿತು. ನಮ್ಮ ದೊರೆಯ ಹೆಸರು ಕಾಣದ ಕಡಲಲ್ಲಿ ತೇಲುತ್ತಿತ್ತು.

ಆದರೆ ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ? 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. 1783ರಲ್ಲಿ ಯುರೋಪಿನಲ್ಲಿ ಇಂಗ್ಲಿಷರು, ಫ್ರೆಂಚರು ಕೈ ಕುಲುಕಿದರು. ಅಮೆರಿಕ ಸ್ವತಂತ್ರವಾಯಿತು. ಆ ಮೇಜಿನ ಮುಂದೆ ಮೈಸೂರಿಗೆ ಕುರ್ಚಿಯೇ ಇರಲಿಲ್ಲ. ಮಂಗಳೂರಿಗೆ ಮುತ್ತಿಗೆ ಹಾಕಿ ಕೂತಿದ್ದ ಟಿಪ್ಪುವಿಗೆ ರಾಜಿಯ ಸುದ್ದಿ ಬಂತು. ಜೊತೆಗಿದ್ದ ಫ್ರೆಂಚ್ ಸಿಪಾಯಿಗಳು "ನಮ್ ಜಗಳ ಮುಗೀತು" ಎಂದು ಹಿಂದೆ ಸರಿದರು! ಟಿಪ್ಪು ಒಬ್ಬನೇ ಏಗಿ, 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದ ಮಾಡಿಕೊಂಡ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ ಎದುರು ಸೋತು ಸೈನ್ಯ ಒಪ್ಪಿಸಿದ್ದ ಲಾರ್ಡ್ ಕಾರ್ನ್‌ವಾಲಿಸನೇ 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. ಅಲ್ಲಿ ಕಳೆದುಕೊಂಡದ್ದನ್ನು ಇಲ್ಲಿ ಹುಡುಕಬೇಕಲ್ಲ! 1791ರ ಮೇ ತಿಂಗಳಲ್ಲಿ ಅರಕೆರೆ ತನಕ ಬಂದವನಿಗೆ ಮಳೆ ಹಿಡಿಯಿತು. ಎತ್ತುಗಳು ಸತ್ತವು, ದವಸ ಮುಗಿಯಿತು. ಕನ್ನಂಬಾಡಿ ಬಳಿ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಆ ಹಳೇ ಕನ್ನಂಬಾಡಿ ಇವತ್ತು ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದೆ.

ಮರುವರ್ಷ ನಿಜಾಮ, ಮರಾಠರ ಜೊತೆಗೂಡಿ ಬಂದ. 1792ರ ಮಾರ್ಚಿನಲ್ಲಿ ಟಿಪ್ಪು ತೆತ್ತದ್ದು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು. ಫ್ರೆಂಚರ ಕಡೆಯಿಂದ ನೆರವಿಲ್ಲ. 1788ರಲ್ಲಿ ಅವರ ರಾಜನ ಆಸ್ಥಾನಕ್ಕೆ ಟಿಪ್ಪುವಿನ ರಾಯಭಾರಿಗಳು ಹೋಗಿದ್ದರು. ಸಿಕ್ಕಿದ್ದು ಮರ್ಯಾದೆ, ಸೈನ್ಯವಲ್ಲ. 1798ರಲ್ಲಿ ಮತ್ತೆ ಕೇಳಿದಾಗ ಮಾರಿಷಸ್ಸಿನಿಂದ ಬಂದವರು ನೂರು ಮಂದಿಯೂ ಇಲ್ಲ. ಇಂಗ್ಲಿಷರಿಗೆ ಮಾತ್ರ ಯುದ್ಧಕ್ಕೆ ನೆಪ ಸಿಕ್ಕಿತು. 1799ರ ಮೇ 4ರಂದು ಪಟ್ಟಣ ಬಿತ್ತು.

ಇಲ್ಲಿ ದೋಚಿದ ಬಾಣಗಳನ್ನು ನೋಡಿ ಇಂಗ್ಲೆಂಡಿನ ಕಾಂಗ್ರೀವ್ ಹೊಸ ರಾಕೆಟ್ ಮಾಡಿದ. ಅವು 1814ರಲ್ಲಿ ಸಿಡಿದದ್ದು ಎಲ್ಲಿ ಗೊತ್ತೆ? ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ! ಅವರ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ಟು ಅದೇ.

ಬುದ್ಧಿ ಕಲಿಯಲು ದೇಶಕ್ಕೆ ಸಮಯ ಬೇಕಾಯಿತು. 1971ರ ಬಾಂಗ್ಲಾ ಯುದ್ಧದಲ್ಲಿ ಅಮೆರಿಕ 'ಎಂಟರ್‌ಪ್ರೈಸ್' ಹಡಗನ್ನು ಬಂಗಾಳ ಕೊಲ್ಲಿಗೆ ಅಟ್ಟಿತು. ಅಷ್ಟರಲ್ಲಿ ದಿಲ್ಲಿ ಆಗಸ್ಟಿನಲ್ಲೇ ಸೋವಿಯತ್ ಜೊತೆ ಒಪ್ಪಂದ ಮಾಡಿ ಇಟ್ಟುಕೊಂಡಿತ್ತು. ಮಳೆ ಬರೋ ಮುಂಚೆ ಸೂರು ಕಟ್ಟಿದ ಹಾಗೆ.

ಪಟ್ಟಣದ ರೈಲು ನಿಲ್ದಾಣದ ಹತ್ತಿರ ಟಿಪ್ಪುವಿನ ಮದ್ದಿನ ಮನೆ ಇದೆ. ಜೋಡಿ ಹಳಿಗೆ ಅಡ್ಡ ಬಂತೆಂದು 2017ರಲ್ಲಿ ಆ ಸುಮಾರು ಸಾವಿರ ಟನ್ ತೂಕದ ಕಟ್ಟಡವನ್ನು ಇಡಿಯಾಗಿ ಎತ್ತಿ, ನೂರು ಮೀಟರಿಗೂ ದೂರ ಸರಿಸಿದರು. ಆ ಕೆಲಸಕ್ಕೆ ಬಂದದ್ದೂ ಅಮೆರಿಕದ ಕಂಪನಿಯೇ! ಕಾಸು ಕೊಟ್ಟು, ಕಾಗದ ಮಾಡಿಕೊಂಡು ಕರೆಸಿದ್ದಕ್ಕೆ ಕೆಲಸ ಮುಗಿಸಿಯೇ ಹೋದರು.

"ಅಮೆರಿಕ ನಂಬ್ಬೋದಾ ಅಣ್ಣಾ?" ಎಂದು ಬಸ್ಸಿನಲ್ಲಿ ಕೇಳುವವರಿಗೆ ಇಷ್ಟು ಸಾಕು. ಸಾಲದ ಗಿರಾಕಿಯನ್ನು ಅಂಗಡಿಯವರು ಎಷ್ಟು ನಂಬುತ್ತಾರೋ ಅಷ್ಟು. ನಗುನಗುತ್ತಾ ಮಾತಾಡಿಸಿ, ಲೆಕ್ಕದ ಪುಸ್ತಕ ಮಾತ್ರ ತೆರೆದೇ ಇರಲಿ.